ಈಶಣ್ಣನ ಆಣೆ, ವೀರಬಸಮ್ಮನ ಉತ್ತುತ್ತಿ

ವೀರಬಸಮ್ಮನವರ ಮನೆಗೆ ಹೊಟ್ಟೆ ತುಂಬಿಸಿಕೊಂಡು ಹೋಗುವವರು ಮೂರ್ಖರು. ಅಮೆರಿಕದ ಹಿಲ್ಸ್‌ಬರೋದಲ್ಲಿ ಅವರ ಪಕ್ಕದ ಟೌನ್‌ಹೌಸಿನಲ್ಲಿ ನಾನು ಹದಿನೆಂಟು ವರ್ಷದಿಂದ ಇದ್ದೇನೆ. ಈ ಮೂರ್ಖತನವನ್ನು ಮೊದಮೊದಲು ನಾನೂ ಮಾಡಿದ್ದೇನೆ. "ಈಗಷ್ಟೇ ಊಟ ಆಯ್ತು ವೀರಬಸಕ್ಕ" ಅಂದರೆ "ಊಟ ಆದಮ್ಯಾಲ ತಿನ್ನೂದ ಇದು" ಅನ್ನುತ್ತಾರೆ. "ಇನ್ನೂ ಊಟ ಆಗಿಲ್ಲ" ಅಂದರೆ "ಊಟಕ್ಕ ಮೊದಲ ತಿನ್ನೂದ ಇದು" ಅನ್ನುತ್ತಾರೆ. ತಟ್ಟೆಯಲ್ಲಿ ಎರಡು ಸಲವೂ ಇರುವುದು ಅದೇ ಅಂಟಿನ ಉಂಡೆ.

ಅಂಟು, ಕೊಬ್ಬರಿ, ಗಸಗಸೆ, ಬೆಲ್ಲ, ಉತ್ತುತ್ತಿ ಅಂದರೆ ಒಣ ಖರ್ಜೂರ ಹಾಕಿ ಕಟ್ಟುವ ಆ ಉಂಡೆಯನ್ನು ಹ್ಯಾರಿಸನ್‌ನಿಂದ ಫೋರ್ಟ್ ಲೀವರೆಗಿನ ಕನ್ನಡದ ಬಾಣಂತಿಯರೆಲ್ಲ ತಿಂದಿದ್ದಾರೆ. ಯಾರ ಮನೆಯಲ್ಲಿ ಮಗು ಹುಟ್ಟಿದರೂ ವಾರದೊಳಗೆ ವೀರಬಸಮ್ಮನ ಸ್ಟೀಲ್ ಡಬ್ಬಿ ಅಲ್ಲಿ ಹಾಜರು. ಕರೆದಿದ್ದಾರೋ ಇಲ್ಲವೋ, ಪರಿಚಯ ಉಂಟೋ ಇಲ್ಲವೋ, ಅದೆಲ್ಲ ಅವರಿಗೆ ಲೆಕ್ಕಕ್ಕಿಲ್ಲ. ಡಬ್ಬಿಯನ್ನು ಮುಟ್ಟಿಸುವ ಕೆಲಸ ಮಾತ್ರ ನನ್ನದು. ಯಾಕೆಂದರೆ ವೀರಬಸಮ್ಮನಿಗೆ ಡ್ರೈವಿಂಗ್ ಬರುವುದಿಲ್ಲ. ರೋಡ್ ಟೆಸ್ಟಿಗೆ ಹೋದ ಒಂದೇ ಒಂದು ಸಲ, ಕಾರಿನ ಮುಂದೆ ಅಡ್ಡ ಬಂದ ಬಾತುಕೋಳಿ ಮತ್ತು ಮರಿಗಳು ರಸ್ತೆ ದಾಟಿ ಕೆರೆ ಸೇರುವವರೆಗೆ ಎಂಜಿನ್ ಆಫ್ ಮಾಡಿ ಕೂತುಬಿಟ್ಟರಂತೆ. ಪಕ್ಕದಲ್ಲಿದ್ದ ಆಫೀಸರ್ ಎಷ್ಟು ಹೇಳಿದರೂ ಕೇಳಲಿಲ್ಲ. "ಬಾಣಂತಿ ಅದಾಳ, ನಿಂದ್ರು" ಅಂತ ಅವನಿಗೇ ಕನ್ನಡದಲ್ಲಿ ಗದರಿಸಿದರಂತೆ.

ನಾನು ಶರ್ಮಿಳಾ, ಕಾರ್ಕಳದ ಕಡೆಯವಳು. ನನ್ನ ಗಂಡ ಸುಧಾಕರ ಸಾಮರ್‌ಸೆಟ್‌ನಲ್ಲಿ ಒಂದು ಸಣ್ಣ ಹೋಟೆಲು ಇಟ್ಟುಕೊಂಡಿದ್ದಾರೆ. ನನಗೆ ಸಿಟ್ಟು ಬೇಗ ಬರುತ್ತದೆ ಅಂತ ಅವರು ಸಿಕ್ಕವರಿಗೆಲ್ಲ ಹೇಳುತ್ತಾರೆ, ಅದು ಸುಳ್ಳೂ ಅಲ್ಲ. ಈ ಕತೆಯ ಅರ್ಧದಷ್ಟು ಹೊತ್ತು ನಾನು ಸಿಟ್ಟಿನಲ್ಲೇ ಇದ್ದೆ. ಸಿಟ್ಟು ಯಾರ ಮೇಲೆ ಅಂದರೆ ವೀರಬಸಮ್ಮನ ಗಂಡ ಈಶಣ್ಣನ ಮೇಲೆ.

ಈಶಣ್ಣ ಒಳ್ಳೆಯವರೇ. ಬಣ್ಣ ತಯಾರಿಸುವ ಫ್ಯಾಕ್ಟರಿಯೊಂದರ ಲ್ಯಾಬಿನಲ್ಲಿ ಎಂಜಿನಿಯರ್ ಆಗಿದ್ದು ರಿಟೈರ್ ಆದವರು. ಕೆಲಸದಲ್ಲಿ ಇರುವ ತನಕ ಮನೆಯಲ್ಲಿ ಅವರ ದನಿ ಕೇಳಿದ ನೆನಪೇ ನನಗಿಲ್ಲ. ರಿಟೈರ್ ಆದ ಮೇಲೆ ಕೈಗೆ ಫೋನು ಬಂತು, ಫೋನಿನಲ್ಲಿ ಊರಿನ ನ್ಯೂಸ್ ಚಾನೆಲ್ಲುಗಳು ಬಂದವು. ಎರಡು ಸಾವಿರದ ಇಪ್ಪತ್ತೈದರ ಮೇ ತಿಂಗಳಲ್ಲಿ ಇಂಡಿಯಾ, ಪಾಕಿಸ್ತಾನಗಳ ನಡುವೆ ಗುಂಡು ಹಾರಿದ ಆ ನಾಲ್ಕು ದಿನ ಅವರು ಸೋಫಾ ಬಿಟ್ಟು ಏಳಲಿಲ್ಲ. ಐದನೇ ದಿನ ಎದ್ದವರೇ ಅಡುಗೆಮನೆಗೆ ನಡೆದು, ಗುಲಾಬಿ ಬಣ್ಣದ ಕಲ್ಲುಪ್ಪಿನ ಡಬ್ಬಿಯನ್ನು ತಿರುವಿ ಹಿಂದಿನ ಅಕ್ಷರ ಓದಿ, ಕಸದ ಬುಟ್ಟಿಗೆ ಹಾಕಿದರು.

"ಇವತ್ತಿನಿಂದ ಆ ದೇಶದ್ದು ಒಂದ್ ಹರಳ ಉಪ್ಪೂ ಈ ಮನಿಯೊಳಗ ಬರಂಗಿಲ್ಲ," ಅಂದರು. "ಬಸವಣ್ಣನ ಆಣಿ."

ನಾನು ಆಗ ಅಲ್ಲೇ ಕೂತು ಚಹಾ ಕುಡಿಯುತ್ತಿದ್ದೆ. ಉಪ್ಪಿನ ಮೇಲೆ ಎಂತಹ ಸಿಟ್ಟು ಮಾರಾಯರೆ ಅಂತ ಬಾಯಿಗೆ ಬಂದದ್ದನ್ನು ಚಹಾದ ಜೊತೆ ನುಂಗಿದೆ. ಮರುದಿನದಿಂದ ಭೂತಕನ್ನಡಿ ಹಿಡಿದುಕೊಂಡು ಪ್ರತಿ ಪ್ಯಾಕೆಟ್ಟಿನ ಬೆನ್ನು ನೋಡುವುದು ಶುರುವಾಯಿತು. ಬಾಸ್ಮತಿ ಹೋಯಿತು, ಬಿರಿಯಾನಿ ಮಸಾಲೆ ಹೋಯಿತು. ಒಂದು ಹಲ್ಲುಕಡ್ಡಿಯ ಡಬ್ಬಿಯನ್ನೂ ಅರ್ಧ ಗಂಟೆ ಪರೀಕ್ಷೆ ಮಾಡಿ, ಚೀನಾದ್ದು ಅಂತ ಖಾತ್ರಿಯಾದ ಮೇಲೆ ಸಮಾಧಾನದಿಂದ ಹಲ್ಲು ಚುಚ್ಚಿಕೊಂಡರು. ವೀರಬಸಮ್ಮ ಅದಕ್ಕೆ ಅಡ್ಡಿ ಮಾಡಲಿಲ್ಲ. "ಸತ್ತ ಹುಡುಗರ ಫೋಟೋ ನೋಡಿ ನನಗೂ ಹೊಟ್ಟಿ ಉರದೈತಿ ಶರ್ಮಿಳಾ. ಅವರಿಗೆ ಏನರ ಮಾಡಬೇಕನಸ್ತು, ಮಾಡ್ಯಾರ. ಬಿಡು," ಅಂದರು.

ಅದರ ನಂತರ ವೀರಬಸಮ್ಮ ಸೂಮ್ರೋನ ಅಂಗಡಿಗೆ ಹೋಗುವುದನ್ನು ಬಿಟ್ಟರು. ಎಡಿಸನ್ನಿನ ಓಕ್ ಟ್ರೀ ರೋಡಿನ ಹಿಂದಿನ ಬೀದಿಯಲ್ಲಿ ಲಾಂಡ್ರಿಯ ಪಕ್ಕದಲ್ಲಿರುವ ಇಂಡೋ-ಪಾಕ್-ಬಾಂಗ್ಲಾ ಗ್ರೋಸರಿ ಅದು. ಸೂಮ್ರೋ ಸಿಂಧ್ ಪ್ರಾಂತ್ಯದ ಖೈರ್‌ಪುರದವನು, ಆರಡಿ ಎತ್ತರ, ಬಾಗಿಲಿಗೆ ತಾಗುವಂತಹ ಮೀಸೆ. ವೀರಬಸಮ್ಮ ಬಾಗಲಕೋಟೆ ಕಡೆಯ ಗುಳೇದಗುಡ್ಡದವರು. ಅಲ್ಲಿ ಓಣಿಯ ತುಂಬ ಮುಸ್ಲಿಂ ಮನೆಗಳು ಇದ್ದುದರಿಂದ ಅವರಿಗೊಂದು ತಮ್ಮದೇ ಆದ ಹಿಂದಿ ಬರುತ್ತದೆ. ಮೊದಲ ಸಲ ಹೋದಾಗ "ಖಾರೀಕ ಹೈ ಕ್ಯಾ?" ಅಂತ ಕೇಳಿದ್ದರು. ಉತ್ತುತ್ತಿಗೆ ಅವರ ಕಡೆ ಆ ಹೆಸರೂ ಉಂಟು. ಸೂಮ್ರೋನ ಊರಲ್ಲೂ ಅದಕ್ಕೆ ಖಾರೀಕ ಅಂತಲೇ ಹೇಳುವುದಂತೆ. ಇಲ್ಲಿ ಎಲ್ಲರೂ ಡ್ರೈ ಡೇಟ್ಸ್ ಅಂತ ಕೇಳುವವರೇ. ಅಷ್ಟು ವರ್ಷದಲ್ಲಿ ಆ ಶಬ್ದ ಕೇಳಿದ್ದು ಅದೇ ಮೊದಲು ಅಂತ ಅವನು ಗಲ್ಲೆ ಬಿಟ್ಟು ಎದ್ದು ಬಂದಿದ್ದ. ಅವತ್ತಿನಿಂದ ವೀರಬಸಮ್ಮನ ಉಂಡೆಗೆ ಬೇರೆ ಅಂಗಡಿಯ ಉತ್ತುತ್ತಿ ಬಿದ್ದದ್ದಿಲ್ಲ.

ಮೇ ತಿಂಗಳ ಮೇಲೆ ಉಂಡೆಗೆ ಬಾದಾಮಿ ಹೆಚ್ಚು ಬಿತ್ತು, ಉತ್ತುತ್ತಿ ನಿಂತುಹೋಯಿತು. ಬಾಣಂತಿಯರು ಯಾರೂ ದೂರಲಿಲ್ಲ. ಹೀಗೇ ನಡೆದುಹೋಗುತ್ತಿತ್ತೇನೋ. ಆದರೆ ಆಗಸ್ಟಿನಲ್ಲಿ ಹ್ಯಾರಿಸನ್‌ನಿಂದ ಮಗಳು ಐಶ್ವರ್ಯಾಳ ಫೋನು ಬಂತು.

ಐಶ್ವರ್ಯಾಗೆ ಮದುವೆಯಾಗಿ ಏಳು ವರ್ಷ. ಗಂಡ ಕೀರ್ತನ್ ನಮ್ಮ ಮಂಗಳೂರಿನ ಹುಡುಗ. ಏಳು ವರ್ಷದಲ್ಲಿ ಅವರಿಬ್ಬರು ಹತ್ತದ ಆಸ್ಪತ್ರೆಯ ಮೆಟ್ಟಿಲಿಲ್ಲ. ಎರಡು ಸಲ ಕೈಗೆ ಬಂದದ್ದು ಉಳಿದಿರಲಿಲ್ಲ. ಹಾಗಾಗಿ ಈ ಸಲ ನಾಲ್ಕು ತಿಂಗಳು ದಾಟುವವರೆಗೆ ತಾಯಿಗೂ ಹೇಳಿರಲಿಲ್ಲ. ಫೋನು ಇಟ್ಟ ವೀರಬಸಮ್ಮ ನಮ್ಮ ಬಾಗಿಲಿಗೆ ಬಂದು, ಒಳಗೂ ಬಾರದೆ, ಡೋರ್‌ಮ್ಯಾಟಿನ ಮೇಲೆ ಕೂತು ಅತ್ತರು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, "ನವೆಂಬರ್‌ದಾಗ ಕುಬಸ ಮಾಡೂದು. ನೀ ಯಾವ ಊರಿಗೂ ಹೋಗಬ್ಯಾಡ," ಅಂದರು.

ಕುಬುಸ ಅಂದರೆ ಅವರ ಕಡೆಯ ಸೀಮಂತ. ಬಸುರಿಗೆ ತವರಿನವರು ಕುಬುಸದ, ಅಂದರೆ ರವಿಕೆಯ ಬಟ್ಟೆ ಕೊಟ್ಟು, ಐದು ಮಂದಿ ಮುತ್ತೈದೆಯರನ್ನು ಕರೆದು ಉಡಿ ತುಂಬಿಸಬೇಕು. ನಾವು ಮಡಿಲು ತುಂಬುವುದು ಅನ್ನುತ್ತೇವಲ್ಲ, ಅದೇ. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಅಡಿಕೆ, ಉತ್ತುತ್ತಿ. ಉತ್ತುತ್ತಿ ಇಡಿಯಾಗಿ, ದಪ್ಪಗೆ, ಒಂದು ಬಿರುಕೂ ಇಲ್ಲದೆ ಇರಬೇಕು.

ಅದು ಇಲ್ಲದೆ ಆಗುವುದಿಲ್ಲವಾ ಅಂತ ಕೇಳಿದೆ. ನಾನು ಕೇಳಿದ್ದು ತಪ್ಪಾಯಿತು. ವೀರಬಸಮ್ಮ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟರು.

"ನನ್ನ ಕುಬಸದಾಗ ನನಗ ತವರಮನಿನ ಇದ್ದಿಲ್ಲ ಶರ್ಮಿಳಾ. ನಾ ಒಬ್ಬಾಕಿ ಮಗಳು. ಅಪ್ಪ, ಅವ್ವ ಅದರ ಹಿಂದಿನ ವರ್ಷನ ಹೋಗಿದ್ರು. ಅತ್ತಿನ ತನ್ನ ಡಬ್ಬ್ಯಾಗಿನ ಅಡಿಕಿ, ಅಕ್ಕಿ ತಗದು ನನ್ನ ಉಡಿ ತುಂಬಿದಳು. ಉತ್ತುತ್ತಿ ಮರತಿದ್ದಳು. ಬಂದ ಹೆಂಗಸರು 'ತವರವರು ಇಲ್ಲಲ್ಲ, ಯಾರ ನೆನಪ ಮಾಡಬೇಕು ಪಾಪ' ಅಂದ್ರು. ಆ ಪಾಪ ಅನ್ನೂ ಶಬ್ದ ಇನ್ನೂ ಕಿವಿಯಾಗೈತಿ. ನನ್ನ ಮಗಳ ತವರು ನಾನು. ಅಕಿ ಉಡಿಯಾಗ ಏನೂ ಕಡಿಮಿ ಆಗಬಾರದು."

ಅವರು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿದ್ದೇ ಇಲ್ಲ. ಮತ್ತೆ ಸೌಟು ತೆಗೆದುಕೊಂಡು ಒಲೆಯ ಕಡೆ ತಿರುಗಿದರು. ನಾನು ಕೀ ತೆಗೆದುಕೊಂಡು ಕಾರು ಹತ್ತಿದೆ.

ಆಮೇಲೆ ನಡೆದದ್ದು ನನ್ನ ತಲೆ ತಿನ್ನುವ ಕೆಲಸ. ಎಡಿಸನ್, ಇಸೆಲಿನ್, ಪಾರ್ಸಿಪನಿ, ಜರ್ಸಿ ಸಿಟಿ ಅಂತ ಒಂದು ಅಂಗಡಿ ಬಿಡಲಿಲ್ಲ. ಇಂಡಿಯಾದಿಂದ ಬರುವ ಸಾಮಾನಿಗೆ ಇಲ್ಲಿ ಅಮೆರಿಕದವರು ಬೇರೆ ಸುಂಕ ಏರಿಸಿದ್ದ ಸಮಯ ಅದು. ನಮ್ಮ ಹೋಟೆಲಿಗೆ ಬರುವ ಹುಣಸೆಹಣ್ಣು, ಕುಚ್ಚಲಕ್ಕಿ ಎರಡಕ್ಕೂ ಬೆಲೆ ಏರಿ ಸುಧಾಕರ ಮೆನು ಕಾರ್ಡಿನ ಮೇಲೆ ಸ್ಟಿಕ್ಕರ್ ಅಂಟಿಸುತ್ತ ಕೂತಿದ್ದರು. ಅಂಗಡಿಗಳಲ್ಲಿ ಉತ್ತುತ್ತಿಯ ಜಾಗ ಖಾಲಿ. ಸಿಕ್ಕರೆ ಹೋಳು ಮಾಡಿದ್ದು, ಅದು ಉಡಿಗೆ ಬಾರದು. ಇಡೀ ಇರುವ ಒಂದು ಪ್ಯಾಕೆಟ್ ಸಿಕ್ಕಿತು, ನಮ್ಮವರದೇ ಕಂಪನಿ, ಮೇಲೆ ನಮಸ್ಕಾರ ಮಾಡುವ ಹೆಂಗಸಿನ ಚಿತ್ರ ಬೇರೆ. ಈಶಣ್ಣ ಭೂತಕನ್ನಡಿ ಹಿಡಿದು ಹಿಂದೆ ನೋಡಿದರು. ಸಣ್ಣಕ್ಷರದಲ್ಲಿ ಪ್ರಾಡಕ್ಟ್ ಆಫ್ ಪಾಕಿಸ್ತಾನ್. ಆ ಹೆಂಗಸಿನ ಸಮೇತ ಪ್ಯಾಕೆಟ್ ವಾಪಸು ಹೋಯಿತು.

ಕೀರ್ತನ್‌ನ ತಾಯಿ ಮೋಹಿನಿ ಫೋರ್ಟ್ ಲೀಯಲ್ಲಿ ಇರುವವರು, ಬಹಳ ಉತ್ಸಾಹದ ಹೆಂಗಸು. ಸುದ್ದಿ ಗೊತ್ತಾದದ್ದೇ ಒಂದು ದೊಡ್ಡ ಡಬ್ಬಿ ಹಿಡಿದು ಬಂದರು. "ಇದಾ ನೋಡಿ ಬೀಗಿತ್ತಿ, ಕ್ಯಾಲಿಫೋರ್ನಿಯಾದ ಮೆಡ್‌ಜೂಲ್. ಬಾಯಲ್ಲಿಟ್ಟರೆ ಕರಗ್ತದೆ."

ವೀರಬಸಮ್ಮ ಒಂದನ್ನು ತೆಗೆದು ಒತ್ತಿ ನೋಡಿದರು, ಬೆರಳು ಒಳಗೆ ಹೋಯಿತು. "ಭಾಳ ಛಲೋ ಅದಾವ್ರಿ," ಅಂದರು. "ಆದರ ಇದು ಖರ್ಜೂರ. ಉಡಿಯಾಗ ಹಾಕಿದ್ರ ಐಶ್ವರ್ಯಾನ ಸೀರಿಗೆ ಅಂಟತೈತಿ."

"ಅಮ್ಮ, ಇಟ್ಸ್ ಓಕೆ," ಅಂತ ಐಶ್ವರ್ಯಾ ವಿಡಿಯೋ ಕಾಲಿನಲ್ಲಿ ಹೇಳಿದಳು. "ಬೇಬಿ ವೋಂಟ್ ನೋ ದ ಡಿಫರೆನ್ಸ್."

"ಅದಕ್ಕ ಗೊತ್ತಾಗಲಿಕ್ಕಿಲ್ಲ. ನನಗ ಗೊತ್ತಾಗತೈತಿ," ಅಂದರು ತಾಯಿ.

ಕೊನೆಗೆ ನಾನೇ ಹೇಳಿದೆ, ಸೂಮ್ರೋನ ಅಂಗಡಿಯಿಂದ ತಂದು ಕೊಡುತ್ತೇನೆ, ಬೇರೆ ಡಬ್ಬಿಗೆ ಸುರಿದರೆ ಈಶಣ್ಣನಿಗೆ ಎಲ್ಲಿ ಗೊತ್ತಾಗುತ್ತದೆ ಅಂತ. ವೀರಬಸಮ್ಮ ನನ್ನ ಮುಖ ನೋಡಿದರು. "ಮಗಳ ಉಡಿಯಾಗ ಕಳವು ಮಾಡಿ ತಂದದ್ದು ಹಾಕಲೇನು?" ಅಂದರು. ಆ ರಾತ್ರಿ ಊಟಕ್ಕೆ ಕೂತಾಗ ಗಂಡನಿಗೂ ನೇರವಾಗಿ ಹೇಳಿಬಿಟ್ಟರಂತೆ: ನಿಮ್ಮ ಆಣೆ ನಿಮ್ಮ ಹತ್ತಿರ ಇರಲಿ, ಅದನ್ನು ಮುರಿಯಿರಿ ಅಂತ ನಾನು ಅನ್ನುವುದಿಲ್ಲ, ಆದರೆ ಉತ್ತುತ್ತಿ ನೀವೇ ತರಬೇಕು; ತರದಿದ್ದರೆ ಕುಬುಸ ಇಲ್ಲ.

ಈಶಣ್ಣನಿಗೆ ಇದು ಕಷ್ಟ ಅಂತ ಅನಿಸಲೇ ಇಲ್ಲ. ಅವರ ಚಿಕ್ಕಪ್ಪನ ಮಗ ಗದಿಗೆಪ್ಪನದು ಬಾಗಲಕೋಟೆಯ ಪೇಟೆಯಲ್ಲಿ ಕಿರಾಣಿ ಅಂಗಡಿ. ನವನೀತ್ ಅಂತ ಪರಿಚಯದ ಹುಡುಗ ಮುಂದಿನ ವಾರ ಊರಿಂದ ಬರುವವನಿದ್ದ. ಅವನ ಕೈಯಲ್ಲಿ ಕಳಿಸಿದರೆ ಮುಗಿಯಿತು. ಈಶಣ್ಣ ನಮ್ಮೆಲ್ಲರ ಎದುರಿಗೇ, ಸ್ಪೀಕರ್ ಹಾಕಿ, ಬಹಳ ಜೋರಿನಲ್ಲಿ ಫೋನು ಹಚ್ಚಿದರು.

"ಗದಿಗೆಪ್ಪಾ, ನವನೀತನ ಕೂಡ ಒಂದ್ ಕಿಲೋ ಉತ್ತುತ್ತಿ ಕಳಸು. ಛಲೋದು ಇರಬೇಕು. ಮತ್ತ ನಮ್ಮ ಕಡೆದ ಇರಬೇಕು."

"ನಮ್ಮ ಕಡೆದು ಅಂದ್ರ?"

"ನಮ್ಮ ದೇಶದ್ದೋ."

ಆ ಕಡೆಯಿಂದ ಗದಿಗೆಪ್ಪ ನಗುವುದು ಕೇಳಿಸಿತು.

"ಅಣ್ಣಾ, ಇಂಥಾ ಉತ್ತುತ್ತಿ ನಾವು ಯಾವಾಗ ಬೆಳದಿದ್ವಿ? ನಮ್ಮಪ್ಪ ಅಂಗಡಿ ತಗದಾಗಿಂದ ಈ ಮಾಲು ಬರೂದು ಪಾಕಿಸ್ತಾನದಿಂದನ. ಅಟಾರಿ ಗೇಟ್ ದಾಟಿ ದಿಲ್ಲಿಗೆ, ದಿಲ್ಲಿಯಿಂದ ಮುಂಬೈಗೆ, ಅಲ್ಲಿಂದ ನಮ್ಮ ಪ್ಯಾಟಿಗೆ. ಹತ್ತೊಂಬತ್ತನೇ ಇಸವಿಯಾಗ ಎರಡುನೂರು ಪರ್ಸೆಂಟ್ ಸುಂಕ ಜಡದ್ರು. ಆಗ ಅದು ದುಬೈ ಸುತ್ತ ಹಾಕಿ, ಹೆಸರ ಬದಲ ಮಾಡ್ಕೊಂಡು ಬರಾಕ ಹತ್ತಿತು. ಈ ವರ್ಷ ಅದನ್ನೂ ಬಂದ್ ಮಾಡ್ಯಾರ. ಈಗ ಇರೂದು ಸಣ್ಣ ಸಣ್ಣವು. ಹೆಣ್ಮಕ್ಕಳು ಅಂಗಡಿಗೆ ಬಂದು ನನಗ ಬೈದು ಹೊಕ್ಕಾರ."

"ಹಂಗಾರ ನಮ್ಮ ಮದುವ್ಯಾಗ ಹಾಕಿದ್ದು?"

"ಅಲ್ಲಿದ."

"ನನ್ನ ಹಡದಾಗ ನಮ್ಮವ್ವ ಉಂಡ್ಯಾಗ ತಿಂದಿದ್ದು?"

"ಅದೂ ಅಲ್ಲಿದ. ನೀ ಅರ್ಧ ಅವರ ಮಾಲ ತಿಂದ ಬೆಳದಿ." ಗದಿಗೆಪ್ಪನಿಗೆ ನಗು ತಡೆಯಲಾಗುತ್ತಿರಲಿಲ್ಲ. "ಅಣ್ಣಾ, ನಾನ ನಿನಗ ಫೋನ್ ಮಾಡಾವಿದ್ದೆ. ನನ್ನ ಮಗಳು ಶ್ರದ್ಧಾನ ಮದುವಿ ಫೆಬ್ರವರಿಗೆ ಹಿಡದೀವಿ. ನಿಮ್ಮಲ್ಲೆ ಅವರದೂ ಅಂಗಡಿ ಇರ್ತಾವಂತಲ್ಲ. ಯಾರರ ಬರಾವ್ರಿದ್ರ ಎರಡ್ ಕಿಲೋ ಉತ್ತುತ್ತಿ ನೀನ ಕಳಸಿಬಿಡು."

"ಏ, ಅದು ಅಲ್ಲಿ ತರಂಗಿಲ್ಲ. ಕಸ್ಟಮ್ಸ್‌ನವರು ಹಿಡೀತಾರ."

"ಹಂಗಾರ ನೀನ ತಿಂದು, ಹೆಂಗಿತ್ತಂತ ಫೋನ್‌ನ್ಯಾಗ ಹೇಳು."

ನಾನು ನಕ್ಕದ್ದು ಹೇಳಬಾರದು. ಸೋಫಾದ ದಿಂಬನ್ನು ಬಾಯಿಗೆ ಒತ್ತಿಕೊಂಡೆ. ವೀರಬಸಮ್ಮ ಮಾತ್ರ ನಗಲಿಲ್ಲ, ಮುಖ ಸಣ್ಣದು ಮಾಡಿಕೊಂಡು ಎದ್ದು ಒಳಗೆ ಹೋದರು. ಬಾಗಲಕೋಟೆಯಲ್ಲೂ ಇಲ್ಲ ಅಂದ ಮೇಲೆ ಇನ್ನೆಲ್ಲಿ? ಈಶಣ್ಣ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಅವರು ಹೋದ ಬಾಗಿಲನ್ನೇ ನೋಡುತ್ತ ಕೂತರು. ಆ ದಿನ ಮನೆಯಲ್ಲಿ ನ್ಯೂಸ್ ಹಾಕಿದ ಸದ್ದು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ನಾನು ಕಸದ ಡಬ್ಬ ರಸ್ತೆಗಿಡುತ್ತಿರುವಾಗ ಈಶಣ್ಣ ಬಂದರು. ಇಸ್ತ್ರಿ ಮಾಡಿದ ಶರ್ಟು, ಇಂಟರ್ವ್ಯೂಗೆ ಹೊರಟವರ ಹಾಗೆ.

"ತಂಗೀ, ಆ ಅಂಗಡಿ ನಿನಗ ಗೊತ್ತೈತಲ್ಲ. ಅಲ್ಲಿ ಹೋಗೂಣು," ಅಂದರು.

"ಯಾವ ಅಂಗಡಿ ಈಶಣ್ಣ?" ಗೊತ್ತಿದ್ದೂ ಕೇಳಿದೆ. ಅಷ್ಟು ಸುಲಭದಲ್ಲಿ ಬಿಡಲಿಕ್ಕೆ ನನಗೆ ಮನಸ್ಸಿರಲಿಲ್ಲ.

"ಅದ. ಖಾರೀಕದ್ದು."

"ಮತ್ತೆ ಆಣೆ?"

"ಬಸವಣ್ಣ ನನ್ನ ಹೊಟ್ಟಿ ಒಳಗಿಂದು ಮೊದಲ ಬಲ್ಲ. ಅವ ನಗತಿರಬೇಕು," ಅಂದರು. "ಗಾಡಿ ತಗಿ."

ಸೂಮ್ರೋನ ಅಂಗಡಿಯ ಬಾಗಿಲು ತಳ್ಳಿದೊಡನೆ ಅವನು ನನ್ನನ್ನು ನೋಡಿ ಗಲ್ಲೆಯಿಂದ ಎದ್ದ. ಹಿಂದಿಯಲ್ಲಿ ಕೇಳಿದ ಮೊದಲ ಮಾತೇ, "ಅದೀ ಎಲ್ಲಿ? ಆರು ತಿಂಗಳಾಯಿತು ಬಂದಿಲ್ಲ. ಹುಷಾರಿಲ್ಲವಾ?"

ಇದು ನನಗೂ ವಿಚಿತ್ರವಾಯಿತು. ಈ 'ಅದೀ' ನನಗೆ ಚೆನ್ನಾಗಿ ಗೊತ್ತಿದ್ದದ್ದು. ವೀರಬಸಮ್ಮ ಅಂಗಡಿಗೆ ಕಾಲಿಟ್ಟಾಗಲೆಲ್ಲ ಸೂಮ್ರೋ "ಅದೀ" ಅಂತ ದೊಡ್ಡ ದನಿಯಲ್ಲಿ ಹೇಳುತ್ತಿದ್ದ. ಅವರ ಬಾಗಲಕೋಟೆಯ ಮಾತಿನಲ್ಲಿ 'ಆರಾಮ ಅದೀ?' ಅಂದರೆ 'ಚೆನ್ನಾಗಿದ್ದೀಯಾ?' ಅಂತ. ಯಾರೋ ಗಿರಾಕಿಯಿಂದ ಅರ್ಧ ಕನ್ನಡ ಕಲಿತಿದ್ದಾನೆ ಅಂತ ವೀರಬಸಮ್ಮನಿಗೆ ಬಲು ಹೆಮ್ಮೆ. "ಅದೀನಿ ಭಾಯಿ, ಅದೀನಿ" ಅಂತ ಪ್ರತಿ ಸಲ ಉತ್ತರ ಕೊಟ್ಟು, "ನೋಡ್ ಶರ್ಮಿಳಾ, ನೀವು ಕರಾವಳಿಯವರು ಕಲೀಲಿಲ್ಲ ನಮ್ಮ ಮಾತು, ಈಂವ ಕಲ್ತ" ಅಂತ ನನಗೊಂದು ಕುಟುಕುತ್ತಿದ್ದರು. ಆದರೆ ಈಗ ಅವನು 'ಅದೀ ಎಲ್ಲಿ' ಅನ್ನುತ್ತಿದ್ದಾನೆ. 'ಚೆನ್ನಾಗಿದ್ದೀಯಾ ಎಲ್ಲಿ' ಅಂದರೆ ಏನು ಅರ್ಥ?

ಅದೀ ಅಂದರೆ ಯಾರು ಅಂತ ಕೇಳಿದೆ.

ಸೂಮ್ರೋ ನನ್ನನ್ನು ಒಂದು ಥರ ನೋಡಿದ. ನಮ್ಮ ಸಿಂಧಿಯಲ್ಲಿ ಅದೀ ಅಂದರೆ ಅಕ್ಕ, ಅಂದ. ಖಾರೀಕ ಹೈ ಕ್ಯಾ ಅಂತ ಕೇಳಿಕೊಂಡು ಬಂದ ದಿನದಿಂದ ಅಕ್ಕ ಅಂತಲೇ ಕರೆಯುತ್ತಿದ್ದೇನೆ, ಅವರೂ ಪ್ರತಿ ಸಲ ಓಗೊಡುತ್ತಾರಲ್ಲ, 'ಅದೀನಿ' ಅಂತ. ನಿಮ್ಮ ಭಾಷೆಯಲ್ಲಿ ಅದಕ್ಕೆ 'ಹೌದು ತಮ್ಮಾ' ಅಂತ ಅಲ್ಲವೇ?

ನಾನು ಅಕ್ಕಿ ಚೀಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನಗುವುದು ಮುಗಿದ ಮೇಲೆ ನೋಡಿದರೆ ಈಶಣ್ಣ ನಗುತ್ತಲೇ ಇಲ್ಲ. ಖಾಲಿ ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ಆಮೇಲೆ ಒಂದು ಹೆಜ್ಜೆ ಮುಂದೆ ಹೋಗಿ ಅವರಿಗೆ ಬರುವ ಅಷ್ಟೇ ಅಷ್ಟು ಹಿಂದಿಯಲ್ಲಿ, "ಮೈ ಅದೀ ಕಾ ಗಂಡ," ಅಂದರು. "ಅದೀ ಕಾ ಬೇಟಿ ಕೋ ಬಚ್ಚಾ ಹೋತಾ. ಖಾರೀಕ ಹೋನಾ."

ಗಂಡ ಅಂದರೆ ಏನು ಅಂತ ನಾನು ಹೇಳಬೇಕಾಯಿತು. ಹೇಳಿದ್ದೇ ತಡ, ಸೂಮ್ರೋ ಗಲ್ಲೆ ಸುತ್ತಿಕೊಂಡು ಬಂದು ಭಾವನನ್ನು ಅಪ್ಪಿಕೊಂಡ. ಈಶಣ್ಣನ ಕಾಲು ನೆಲದಿಂದ ಮೇಲೆ ಬಂತೋ ಏನೋ, ಬುಟ್ಟಿ ಅಂತೂ ಕೆಳಗೆ ಬಿತ್ತು.

ಉತ್ತುತ್ತಿಯನ್ನು ಅವನು ಶೆಲ್ಫಿನಿಂದ ಕೊಡಲಿಲ್ಲ. ಹಿಂದಿನ ಕೋಣೆಯಿಂದ ಗೋಣಿಚೀಲ ಎಳೆದು ತಂದು ನೆಲದ ಮೇಲೆ ಕೂತು ಆರಿಸತೊಡಗಿದ. ಖೈರ್‌ಪುರದಲ್ಲಿ ಅವನ ಅಣ್ಣಂದಿರದೇ ತೋಟ. ಹಣ್ಣಾಗುವ ಹೊತ್ತಿಗೆ ಮಳೆ ಬಂದು ಕೊಳೆಯುತ್ತದೆ ಅಂತ ಹಳದಿ ಇರುವಾಗಲೇ ಕೊಯ್ದು, ಬೇಯಿಸಿ ಒಣಗಿಸುತ್ತಾರಂತೆ. ಹಾಗೆ ಒಣಗಿಸಿದ್ದನ್ನು ಕೊಳ್ಳುವ ದೊಡ್ಡ ಗಿರಾಕಿ ಇಂಡಿಯಾ ಒಂದೇ. ಈಗ ಅಲ್ಲಿ ಚಾಪೆಯ ಮೇಲೆ ರಾಶಿ ಬಿದ್ದಿದೆ, ಕೇಳುವವರಿಲ್ಲ. ಕಳೆದ ವರ್ಷ ಅಣ್ಣ ಮಗಳ ಮದುವೆಯನ್ನೇ ಮುಂದಕ್ಕೆ ಹಾಕಿದನಂತೆ. ನಾನು ಇದನ್ನು ಕನ್ನಡ ಮಾಡಿ ಹೇಳಿದಾಗ ಈಶಣ್ಣ, "ಅಲ್ಲಿ ಕೊಳ್ಳಾವ್ರಿಲ್ಲ, ಬಾಗಲಕೋಟ್ಯಾಗ ಮಾರಾವ್ರಿಲ್ಲ," ಅಂದರು. ಆಮೇಲೆ ಪ್ಯಾಂಟು ಎಳೆದುಕೊಂಡು ತಾವೂ ನೆಲದ ಮೇಲೆ ಕೂತು ಆರಿಸಿದರು. ಒಂದು ಸಣ್ಣ ಬಿರುಕು ಕಂಡರೂ ಇಬ್ಬರೂ ತಲೆಯಾಡಿಸಿ ಬದಿಗೆ ಹಾಕುತ್ತಿದ್ದರು.

ಆರಿಸಿದ್ದನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಲಿಕ್ಕೆ ಈಶಣ್ಣ ಕೈ ಚಾಚಿದರೆ ಸೂಮ್ರೋ ಬಿಡಲಿಲ್ಲ. ಕಪಾಟಿನಿಂದ ಒಂದು ಹೊಸ ಬಟ್ಟೆ ತೆಗೆದ. ಕಡುಗೆಂಪು ಮತ್ತು ನೀಲಿ, ನಡುವೆ ಬಿಳಿಯ ನಕ್ಷತ್ರದ ಹಾಗಿನ ಅಚ್ಚು. ಅಜ್ರಕ್ ಅಂತ ಅದರ ಹೆಸರು, ಅವರ ಕಡೆ ಮದುವೆ, ಮುಂಜಿ ಎಲ್ಲದಕ್ಕೂ ಮನೆಯವರಿಗೆ ಅದನ್ನೇ ಹೊದಿಸುವುದಂತೆ. ಅಕ್ಕನ ಬಸುರಿ ಮಗಳಿಗೆ ಮಾಮ ಪ್ಲಾಸ್ಟಿಕ್ಕಿನಲ್ಲಿ ಕೊಡಬಾರದು ಅಂದ. ಉತ್ತುತ್ತಿಯನ್ನು ಅದರಲ್ಲಿ ಗಂಟು ಕಟ್ಟಿ ಈಶಣ್ಣನ ಕೈಯಲ್ಲಿಟ್ಟ.

ದಾರಿಯುದ್ದಕ್ಕೂ ಈಶಣ್ಣ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಮ್ಮ ಎಕ್ಸಿಟ್ ಬಂದಾಗ, "ಅದೀ ಅಂದ್ರ ಏನಂತ ಅಕಿಗೆ ನೀ ಹೇಳಬ್ಯಾಡ ತಂಗಿ. ನಾ ಹೇಳತೀನಿ," ಅಂದರು.

ವೀರಬಸಮ್ಮ ಗಂಟು ಬಿಚ್ಚಿ ಒಂದು ಉತ್ತುತ್ತಿಯನ್ನು ಮೂಗಿನ ಹತ್ತಿರ ಹಿಡಿದರು. ಎಲ್ಲಿಯದು ಅಂತ ಕೇಳಲಿಲ್ಲ, ಅವರಿಗೆ ಗೊತ್ತಾಗಿತ್ತು. ಗಂಡನ ಮುಖ ಒಂದು ಸಲ ನೋಡಿ, "ಭಾಯಿ ಆರಾಮ ಅದಾನಂತ?" ಅಂದರು. "ಅದಾನ," ಅಂದರು ಈಶಣ್ಣ. ಅಷ್ಟೇ. ಆದರೆ ಅವತ್ತು ಸಂಜೆ ನನಗೆ ಹೋಳಿಗೆ ಬಂತು.

ಕುಬುಸದ ದಿನ ಹಿಲ್ಸ್‌ಬರೋದ ಆ ಟೌನ್‌ಹೌಸಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಶೂಗಳ ರಾಶಿ ಡ್ರೈವ್‌ವೇವರೆಗೆ ಬಂದಿತ್ತು. ಐಶ್ವರ್ಯಾ ಹಸಿರು ಇಳಕಲ್ ಸೀರೆ ಉಟ್ಟು, ಎರಡೂ ಕೈ ತುಂಬ ಬಳೆ ಇಟ್ಟುಕೊಂಡು, ಹೊಟ್ಟೆ ಮುಂದೆ ಮಾಡಿ ಕುರ್ಚಿಯಲ್ಲಿ ಕೂತಿದ್ದಳು. ಎಷ್ಟು ಚಂದ ಕಾಣುತ್ತಿದ್ದಳು ಅಂದರೆ ನನಗೆ ಸಿಟ್ಟು ಮಾಡಿಕೊಳ್ಳಲಿಕ್ಕೆ ಒಂದು ಕಾರಣವೂ ಸಿಗಲಿಲ್ಲ. ನಾವು ಐದು ಮಂದಿ ಸರದಿಯಲ್ಲಿ ಉಡಿ ತುಂಬಿದೆವು. ವೀರಬಸಮ್ಮ ಅಜ್ರಕ್ ಗಂಟನ್ನೇ ತಟ್ಟೆಯ ಮೇಲೆ ಬಿಚ್ಚಿಟ್ಟು, ಒಬ್ಬೊಬ್ಬರ ಬೊಗಸೆಗೂ ಅದರಿಂದ ಉತ್ತುತ್ತಿ ಹಾಕುತ್ತಿದ್ದರು. ಮಗಳ ಉಡಿಗೆ ಅದು ಬೀಳುವಾಗ ಟಕಟಕ ಅಂತ ಸದ್ದು ಬರುತ್ತಿತ್ತು. ಹೋಳು ಅಥವಾ ಮೆದು ಖರ್ಜೂರಕ್ಕೆ ಆ ಸದ್ದು ಬರುವುದಿಲ್ಲ ಅಂತ ಆಗ ನನಗೆ ಅರ್ಥವಾಯಿತು.

ಮೋಹಿನಿ ತಮ್ಮ ಸರದಿ ಬಂದಾಗ ಬಟ್ಟೆಯನ್ನು ಬೆರಳಲ್ಲಿ ಮುಟ್ಟಿ ನೋಡಿದರು. "ಬೀಗಿತ್ತಿ, ಎಷ್ಟು ಚಂದ ಉಂಟು ಇದು. ನಿಮ್ಮ ಗುಳೇದಗುಡ್ಡದ್ದಾ? ಇಷ್ಟು ಒಳ್ಳೆ ಉತ್ತುತ್ತಿ ಎಲ್ಲಿಂದ ಬಂತು?"

ಈಶಣ್ಣನ ಆಣೆಯ ಸುದ್ದಿ ಗೊತ್ತಿಲ್ಲದವರು ಅಲ್ಲಿ ಯಾರೂ ಇರಲಿಲ್ಲ. ವೀರಬಸಮ್ಮ ಗಂಡನ ಮರ್ಯಾದೆ ಉಳಿಸಲು ಏನು ಹೇಳಲಿ ಅಂತ ಹುಡುಕುತ್ತಿದ್ದದ್ದು ಅವರ ಮುಖದಲ್ಲೇ ಕಾಣುತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಈಶಣ್ಣ ಮುಂದೆ ಬಂದರು.

"ಅಕಿ ತವರಮನಿಂದ ಬಂದಾವ್ರಿ," ಅಂದರು. "ಅಕಿ ತಮ್ಮ ಕಳಿಸ್ಯಾನ."

ವೀರಬಸಮ್ಮನ ಕೈ ಗಂಟಿನ ಮೇಲೆ ನಿಂತಿತು. "ನನಗ ಯಾವ ತಮ್ಮರೀ?"

"ಸೂಮ್ರೋ. ಇಷ್ಟ ವರ್ಷ ಅಂವ 'ಅದೀ' ಅಂತ ನಿನಗ ಆರಾಮ ಕೇಳ್ತಿದ್ದಿಲ್ಲ. ಅವರ ಮಾತಿನ್ಯಾಗ ಅದೀ ಅಂದ್ರ ಅಕ್ಕ. ಅಂವ ನಿನಗ ಅಕ್ಕಾ ಅಂತ ಕರೀತಿದ್ದ."

ವೀರಬಸಮ್ಮನ ಕಣ್ಣು ತುಂಬಿ, ನೀರು ಅವರು ತಡೆಯದೆ ಕೆನ್ನೆಯ ಮೇಲೆ ಇಳಿಯಿತು. ಹದಿನೆಂಟು ವರ್ಷದಲ್ಲಿ ಆ ಹೆಂಗಸಿನ ಮುಖದಲ್ಲಿ ಅಂತಹ ಸಂತೋಷವನ್ನು ನಾನು ನೋಡಿರಲಿಲ್ಲ. ಮುಚ್ಚಿಡುವುದು ಎಂತಕ್ಕೆ, ನಾನೂ ಅತ್ತೆ. ಐಶ್ವರ್ಯಾ ಉಡಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ತಾಯಿಯ ಸೆರಗು ಹಿಡಿದಳು.

ಆಮೇಲೆ ವೀರಬಸಮ್ಮ ಮೂಗು ಒರೆಸಿಕೊಂಡು ಗಂಡನ ಕಡೆ ತಿರುಗಿದರು. ಆ ದನಿ ಕೇಳಿ ಈಶಣ್ಣ ಮಾತ್ರ ಅಲ್ಲ, ನಾವೆಲ್ಲ ಒಂದು ಹೆಜ್ಜೆ ಹಿಂದೆ ಸರಿದೆವು.

"ಹಂಗಿದ್ರ ಅವನ್ನ ಯಾಕ ಕರೀಲಿಲ್ಲರೀ? ತವರವರನ್ನ ಬಿಟ್ಟು ಯಾರರ ಕುಬಸ ಮಾಡತಾರೇನು? ಫೋನ್ ಹಚ್ರಿ. ಅಂಗಡಿ ಬಾಗಲ ಹಾಕಿ, ಹೆಂಡತಿ ಮಕ್ಕಳನ್ನ ಕರಕೊಂಡು ಬಾ ಅನ್ರಿ."

ಸುಧಾಕರ ಹೋಟೆಲಿನಿಂದ ತಂದ ಅಡುಗೆ ಬಿಸಿ ಇತ್ತು. ಮಕ್ಕಳು ಹಸಿವು ಅಂತ ಇಂಗ್ಲಿಷಿನಲ್ಲಿ ಕೂಗುತ್ತಿದ್ದರು, ಮೋಹಿನಿ ಗಡಿಯಾರ ನೋಡುತ್ತಿದ್ದರು. ಎಡಿಸನ್‌ನಿಂದ ಹಿಲ್ಸ್‌ಬರೋಗೆ ಭಾನುವಾರದ ಟ್ರಾಫಿಕ್ಕಿನಲ್ಲಿ ಎಷ್ಟು ಹೊತ್ತು ಅಂತ ಎಲ್ಲರಿಗೂ ಗೊತ್ತಿತ್ತು. ವೀರಬಸಮ್ಮ ಬಾಳೆ ಎಲೆಯ ಕಟ್ಟಿನ ಮೇಲೆ ಕೈಯಿಟ್ಟುಕೊಂಡು ಕುರ್ಚಿ ಹಾಕಿ ಕೂತುಬಿಟ್ಟರು. ಸೂಮ್ರೋನ ವ್ಯಾನು ಡ್ರೈವ್‌ವೇಗೆ ಬಂದು ನಿಲ್ಲುವ ತನಕ ಯಾರಿಗೂ ಒಂದು ಎಲೆ ಹಾಕಲು ಬಿಡಲಿಲ್ಲ.